ಸೋದರತ್ತೆ ಹೇಳಿದ ಹೆಸರು

“ಅಕಾರಿ? ಮಿಕ್ಸರ್ ಕಂಪನಿ ಹೆಸರಿದ್ದಂಗ ಐತಿ,” ಎಂದರು ಶಿವಲಿಂಗಮ್ಮ, ತೊಟ್ಟಿಲಿಗೆ ಸೇವಂತಿಗೆ ಸರ ಕಟ್ಟುತ್ತಾ. “ನಮ್ಮವ್ವನ ಹೆಸರು ಗಂಗವ್ವ. ಅದನ್ನ ಇಡೂದು.”

ದೊಡ್ಡನೆಕ್ಕುಂದಿಯ ಆ ಫ್ಲ್ಯಾಟಿನ ಹಾಲಿನಲ್ಲಿ ನಾಮಕರಣಕ್ಕೆ ಹೆಂಗಸರು ಆಗಲೇ ಸೇರಿದ್ದರು. ಸೊಸೆ ಗೌರಿ ಮಗುವನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಅವಳಿಗೆ ಜಪಾನಿ ಕಂಪನಿಯಲ್ಲಿ ಕೆಲಸ. ಆ ಭಾಷೆಯನ್ನು ಸಂಜೆ ಕ್ಲಾಸಿನಲ್ಲಿ ಕಲಿತಿದ್ದಳು.

“ಅಕಾರಿ ಅಂದ್ರೆ ದೀಪದ ಬೆಳಕು, ಅತ್ತೆ. ಅಲ್ಲಿ ತುಂಬಾ ಹುಡುಗೀರಿಗೆ ಇಡ್ತಾರೆ, ನಮ್ಮಲ್ಲಿ ಜ್ಯೋತಿ ಇದ್ದ ಹಾಗೆ.”

“ಅಲ್ಲಿ ಇಡ್ತಾರಂತ ಇಲ್ಲೂ ಇಡೂದೇನ? ನಾಳೆ ಮೀನೂ ತಿನ್ನಸು ಅಂತಿ.”

ಹೆಂಗಸರು ನಕ್ಕರು. ಗೌರಿ ನಗಲಿಲ್ಲ. ನಾದಿನಿ ಸ್ಫೂರ್ತಿಯನ್ನು ಕೋಣೆಯೊಳಗೆ ಕರೆದು, ಮಗುವನ್ನು ಹಾಸಿಗೆ ಮೇಲೆ ಮಲಗಿಸಿ, ಅಂಗೈ ಮೇಲೆ ಪೆನ್ನಿನಲ್ಲಿ ಒಂದು ಜಪಾನಿ ಅಕ್ಷರ ಬರೆದು ತೋರಿಸಿದಳು.

“ಎಡಕ್ಕಿರೋದು ಬೆಂಕಿ. ಪಕ್ಕದ್ದು ದೀಪದ ಕಂಬದ ಹಾಗಿದೆ, ನೋಡು. ಇದೇ ಹೆಸರನ್ನ ಬೇರೆಯವರು ಬೇರೆ ಅಕ್ಷರದಲ್ಲಿ ಬರೀತಾರೆ. ನಾನು ಇದನ್ನ ಆರಿಸಿದೀನಿ.”

“ಚಂದ ಐತಿ ವೈನಿ. ಆದ್ರ ಅವ್ವ...”

“ಹದಿನೆಂಟು ದಿನ ಆಸ್ಪತ್ರೇಲಿ ಗಾಜಿನ ಪೆಟ್ಟಿಗೆಯೊಳಗಿದ್ಲು. ಮುಟ್ಟೋಕೂ ಬಿಡ್ತಿರ್ಲಿಲ್ಲ. ಹೊರಗೆ ನಿಂತು ಇದೇ ಹೆಸರು ಕರೀತಿದ್ದೆ. ಅವಳು ಬದುಕಿದ್ದು ಈ ಹೆಸರಲ್ಲಿ, ಸ್ಫೂರ್ತಿ. ಕಿವೀಲಿ ಹೆಸರು ಹೇಳೋಳು ಸೋದರತ್ತೆ. ನೀನು.”

“ನಾ ಒಂದ ಸಲಾನೂ ಅವ್ವನ ಮಾತು ಮೀರಿಲ್ಲ.”

“ಗೊತ್ತು,” ಎಂದಳು ಗೌರಿ. ಮಗುವನ್ನು ಎತ್ತಿಕೊಂಡು ಹೊರಟಳು.

ಮಗುವನ್ನು ತೊಟ್ಟಿಲಿಗೆ ಹಾಕಿದರು. ಸ್ಫೂರ್ತಿ ಅದರ ಕಿವಿಯ ಬಳಿ ಬಗ್ಗಿದಳು. ಮುಂದೆ ಶಾಲೆಯಲ್ಲಿ ಮಕ್ಕಳು ಇವಳನ್ನು ಆಡಿಕೊಂಡರೆ? ಅಣ್ಣ ಬೈದರೆ? ಅವ್ವ ಇನ್ನು ಮಾತೇ ಬಿಟ್ಟರೆ? ಮಗು ಕಣ್ಣು ತೆರೆದು ಅವಳನ್ನೇ ನೋಡುತ್ತಿತ್ತು.

“ಕುರ್ರ್...” ಎಂದಳು. ಪದ್ಧತಿಯಂತೆ ಸುತ್ತಲಿನ ಹೆಂಗಸರು ನಗುತ್ತಾ ಅವಳ ಬೆನ್ನಿಗೆ ಗುದ್ದತೊಡಗಿದರು. ಸೋದರತ್ತೆ ಮೂರು ಸಲ ಹೆಸರು ಹೇಳಿ ಮುಗಿಸುವ ತನಕ ಆ ಗುದ್ದು ನಿಲ್ಲುವಂತಿಲ್ಲ.

“ಅಕಾರಿ,” ಎಂದಳು, ತನಗೇ ಕೇಳಿಸದಷ್ಟು ಮೆಲ್ಲಗೆ.

“ಏನಂದಿ?” ಹಿಂದಿನಿಂದ ತಾಯಿಯ ದನಿ.

“ಅಕಾರಿ.” ಈ ಸಲ ಬಾಗಿಲ ಬಳಿ ನಿಂತವರಿಗೂ ಕೇಳಿಸಿತು.

ನಗು ನಿಂತಿತು. ಕೈಗಳು ಒಂದೊಂದಾಗಿ ಹಿಂದೆ ಸರಿದವು. ಒಂದು ಮುಷ್ಟಿ ಮಾತ್ರ ಬೀಳುತ್ತಲೇ ಇತ್ತು, ಮೊದಲಿಗಿಂತ ಜೋರಾಗಿ, ಬಳೆಗಳ ಸದ್ದಿನೊಂದಿಗೆ. ಅದು ಯಾರದೆಂದು ಸ್ಫೂರ್ತಿ ತಿರುಗಿ ನೋಡಬೇಕಿರಲಿಲ್ಲ. ಅವಳು ತೊಟ್ಟಿಲಿನ ಅಂಚನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಳು.

“ಹೊಡಿಯವ್ವ,” ಎಂದಳು, ತಲೆ ಎತ್ತದೆ. “ಇನ್ನೊಂದ ಸಲ ಹೇಳೂದೈತಿ.”