ನರ್ಸಕ್ಕನಿಗೆ ಕೈಕೊಟ್ಟ ಪಾಠ

ಬಿಳಿ ಕೋಟಿನ ಕೆಳಗಿನ ಗುಂಡಿ ಕೂಡಲಿಲ್ಲ. ನರ್ಸಕ್ಕ ಒಮ್ಮೆ ಉಸಿರು ಬಿಗಿಹಿಡಿದು ನೋಡಿದಳು, ಆಮೇಲೆ ಕೈಬಿಟ್ಟಳು. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಬಾಗಿಲಾಚೆ ಹೆಂಗಸರು ಕಾಯುತ್ತಿದ್ದರು.

ಬಸಿರು ತಡೆಯುವ ಮಾತ್ರೆ, ಇಂಜೆಕ್ಷನ್ ಮೈಗೆ ಒಗ್ಗದವರಿಗೆ ಅವಳು ಆಸ್ಪತ್ರೆಯ ಮಹಡಿಯ ಕೋಣೆಯಲ್ಲಿ ವಾರಕ್ಕೊಮ್ಮೆ ಪಾಠ ಹೇಳುತ್ತಿದ್ದಳು. ಬೆಳಿಗ್ಗೆ ಹಾಸಿಗೆ ಬಿಟ್ಟೇಳುವ ಮೊದಲೇ ಮೈಯ ತಾಪ ನೋಡಿಕೊಳ್ಳಬೇಕು. ಬಿಳಿಸ್ರಾವ ಯಾವಾಗ ಮೊಟ್ಟೆಯ ಲೋಳೆಯಂತೆ ಎಳೆಯೆಳೆಯಾಗುತ್ತದೆ ಎಂದು ಗಮನಿಸಬೇಕು. ಬಸಿರು ನಿಲ್ಲಬಹುದಾದ ದಿನಗಳಲ್ಲಿ ಗಂಡ ಹೆಂಡತಿ ದೂರವಿರಬೇಕು. ತಾಪ ಏರಿ ಕೆಲವು ದಿನ ಹಾಗೆಯೇ ನಿಂತ ಮೇಲೆ ಭಯವಿಲ್ಲ.

“ಗಂಡಂದಿರಿಗೂ ಕಲಿಸಿ. ಇದು ಒಬ್ಬರ ಕೈಲಿ ಆಗೋ ಕೆಲಸ ಅಲ್ಲ,” ಎನ್ನುತ್ತಿದ್ದಳು. ತನ್ನ ಗಂಡನಿಗೆ ಅವಳು ಎಲ್ಲರಿಗಿಂತ ಮೊದಲೇ ಕಲಿಸಿದ್ದಳು. ಮಗಳು ಹುಟ್ಟಿದಂದಿನಿಂದ ಆ ಮನೆಯಲ್ಲಿ ನಡೆದದ್ದು ಇದೊಂದೇ ಕ್ರಮ. ಅದಕ್ಕೇ ಜನ ಅವಳ ಮಾತು ನಂಬುತ್ತಿದ್ದರು.

ಅವಳು ಒಳಗೆ ಕಾಲಿಟ್ಟಾಗ ಮಾತು ನಿಂತಿತು. ಎಲ್ಲರ ಕಣ್ಣು ಮೊದಲು ಹೊಟ್ಟೆಯ ಮೇಲೆ, ಆಮೇಲೆ ನೆಲದ ಮೇಲೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವಳು ಹೇಗೋ ಪಾಠ ಮುಗಿಸಿದಳು. ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಎಲ್ಲರೂ ಎದ್ದು ಹೋದ ಮೇಲೆ ಬಟ್ಟೆ ಹೊಲಿಯುವ ಹೆಂಗಸೊಬ್ಬಳೇ ಉಳಿದಳು. ಮಾತ್ರೆ ನುಂಗಿದಾಗಲೆಲ್ಲ ಅವಳಿಗೆ ತಲೆ ಸಿಡಿಯುತ್ತಿತ್ತು, ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲೂ ಆಗುತ್ತಿರಲಿಲ್ಲ.

“ಅಕ್ಕಾ, ಬೇಜಾರು ಮಾಡ್ಕೋಬೇಡಿ. ನಾನು ಮತ್ತೆ ಮಾತ್ರೆಗೇ ಹೋಗ್ತೀನಿ.”

“ನಿನ್ನ ತಲೆನೋವಿಗೆ ಆ ಮಾತ್ರೆ ಅಪಾಯ ಕಣಮ್ಮ. ಇದು ಬೇಡ ಅಂದ್ರೆ ಕಾಪರ್ ಟಿ ಹಾಕಿಸ್ಕೋ. ಅದರಲ್ಲೂ ಹಾರ್ಮೋನ್ ಇರಲ್ಲ.”

“ಇನ್ನು ಯಾವುದನ್ನ ನಂಬಲಿ ಅಕ್ಕಾ? ಕಲಿಸೋರಿಗೇ ಕೈಕೊಟ್ಟ ಮೇಲೆ ನನ್ನಂಥೋಳ ಪಾಡೇನು?”

ಹೆಂಗಸು ಮೆಟ್ಟಿಲಿಳಿದು ಹೋಗುವುದನ್ನು ನರ್ಸಕ್ಕ ನೋಡುತ್ತ ನಿಂತಳು.

ಮನೆಯಲ್ಲಿ ಗಂಡ ಇನ್ನೂ ದೊಡ್ಡ ಸಂಕಟ. ಬಡಗಿ, ಕಡಿಮೆ ಮಾತಿನವನು. ಮಗಳ ಹೆರಿಗೆಯಲ್ಲಿ ರಕ್ತ ನಿಲ್ಲದೆ ಹೆಂಡತಿ ಕೈತಪ್ಪುವಂತಾದಾಗ ಆಸ್ಪತ್ರೆಯ ಗೋಡೆಗೆ ಹಣೆ ಒತ್ತಿ ನಿಂತಿದ್ದವನು. “ಒಂದೇ ಸಾಕು. ನಂಗೆ ನೀನಿರಬೇಕು,” ಎಂದು ಅಂದೇ ಹೇಳಿಬಿಟ್ಟಿದ್ದ. ಬಸಿರಿನ ಸುದ್ದಿ ಕೇಳಿದ ಮೇಲೆ ಅವನಿಗೆ ಊಟ ಸೇರುತ್ತಿರಲಿಲ್ಲ. ಅವಳು ಬಕೆಟ್ ಎತ್ತಲು ಬಗ್ಗಿದರೆ ಓಡಿಬಂದು ಕಸಿದುಕೊಳ್ಳುತ್ತಿದ್ದ. ಕೇಳಿದರೆ ಒಂದೇ ಮಾತು: “ತಪ್ಪು ನಿಂದಲ್ಲ. ನಂದು.”

ಆ ಮಾತು ಅವಳನ್ನು ಮುಳ್ಳಿನಂತೆ ಚುಚ್ಚುತ್ತಿತ್ತು. ಹೆಂಡತಿಯ ಮೇಲೆ ಮಾತು ಬರಬಾರದೆಂದು ಎಲ್ಲವನ್ನೂ ತನ್ನ ತಲೆಗೆ ಕಟ್ಟಿಕೊಳ್ಳುವ ಗಂಡ.

ಅಂದು ಸಂಜೆ ಅವನು ಹಿತ್ತಲಲ್ಲಿ ಕಿಟಕಿಯ ಚೌಕಟ್ಟಿಗೆ ಉಜ್ಜುಗೊರಡು ಹಾಕುತ್ತಿದ್ದ. ಮಗಳು ಒಳಗೆ ಆಡುತ್ತಿದ್ದಳು. ನರ್ಸಕ್ಕ ಬಂದು ಮರದ ದಿಮ್ಮಿಯ ಮೇಲೆ ಕುಳಿತಳು.

“ಸ್ವಲ್ಪ ನಿಲ್ಲಿಸ್ತೀರಾ?”

ಅವನು ನಿಲ್ಲಿಸಿದ.

“ಪಾಠ ತಪ್ಪಿರಲಿಲ್ಲ. ತಪ್ಪಿಸಿದ್ದು ನಾನು. ಆವತ್ತು ತಾಪ ಏರಿ ನಿಂತಿದೆ, ಇನ್ನು ಭಯ ಇಲ್ಲ ಅಂದೆನಲ್ಲ, ಅದು ಸುಳ್ಳು. ಏರಿರಲೇ ಇಲ್ಲ. ಇನ್ನೊಂದು ಮಗು ಬೇಕು ಅಂತ ಬಾಯಿಬಿಟ್ಟು ಕೇಳಿದ್ರೆ ನೀವು ಒಪ್ತಿರಲಿಲ್ಲ. ಅದಕ್ಕೆ ಮೋಸ ಮಾಡಿದೆ.”

ಅವನು ಗೊರಡಿನ ಬಾಯಲ್ಲಿ ಸಿಕ್ಕಿದ್ದ ಹೊಟ್ಟನ್ನು ಬೆರಳಿನಿಂದ ಕೀಳುತ್ತ ಕುಳಿತ.

“ಅಲ್ಲಿ ಆ ಹೆಂಗಸರು ಪಾಠಾನೇ ಸುಳ್ಳು ಅಂದ್ಕೊಂಡು ಬಿಟ್ಟುಹೋಗ್ತಿದ್ದಾರೆ. ಒಬ್ಬಳು ಆಗದ ಮಾತ್ರೆ ನುಂಗೋಕೆ ಹೊರಟಿದ್ದಾಳೆ. ನಾಳೆ ಎಲ್ಲರನ್ನೂ ಕರೆದು ನಿಜ ಹೇಳ್ತೀನಿ. ಅದಕ್ಕೆ ಮೊದಲು ನಿಮಗೆ ಹೇಳಬೇಕಿತ್ತು. ಬೈಯೋದಿದ್ರೆ ಬೈದುಬಿಡಿ.”

ಅವನು ಗೊರಡನ್ನು ಪಕ್ಕಕ್ಕಿಟ್ಟ. ಎದ್ದು ಬಂದು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ. ಅವಳ ಮುಖ ನೋಡುವ ಧೈರ್ಯ ಸಾಲದೆ ನೆಲ ನೋಡಿದ.

“ನಾಳೆ ನಾನೂ ಬರ್ತೀನಿ. ಆವತ್ತು ಬೆಳಿಗ್ಗೆ ನೀನು ಮುಖ ತೊಳೆಯೋಕೆ ಹೋದಾಗ ಥರ್ಮಾಮೀಟರ್ ನಾನೂ ನೋಡಿದ್ದೆ. ಏರಿಲ್ಲ ಅಂತ ಗೊತ್ತಿದ್ದೂ ಆಸೆ ತಡೀಲಾರದೆ ಸುಮ್ಮನಿದ್ದೆ.”