ಮೂವತ್ಮೂರಾದ ಮೇಲೆ ನಲವತ್ತು

ಜೇನು ಸಾಕಣೆಯ ಪುಸ್ತಕವನ್ನು ನಿವೃತ್ತ ಅಂಚೆಯವನಾಗಿ ಹೊಗಳಿ, ಮಲಬದ್ಧತೆಯ ಪುಸ್ತಕವನ್ನು ಇಬ್ಬರು ಮಕ್ಕಳ ತಾಯಿಯಾಗಿ ಹೊಗಳಿ, ಬೀಗಗಳ ಚರಿತ್ರೆಯನ್ನು ಯಾರಾಗಿ ಹೊಗಳಲಿ ಎಂದು ಅವನು ಯೋಚಿಸುತ್ತಿದ್ದಾಗ ಅಕ್ಕ ಒಳಗೆ ಬಂದಳು. ಊಟದ ಮೇಜಿನ ಮೇಲಿದ್ದ ಅವನ ಕಂಪ್ಯೂಟರನ್ನು ಪಕ್ಕಕ್ಕೆ ಸರಿಸಿ, ಕೈಯಲ್ಲಿದ್ದ ಕಟ್ಟನ್ನು ಅಲ್ಲಿಟ್ಟಳು.

"ನಿಮ್ಮ ಕಂಪನಿಗೆ ನನ್ನ ಪುಸ್ತಕದ ಹತ್ತು ಪ್ರತಿ ಕೊಟ್ಟಿದ್ದೆ. ಹತ್ತೂ ವಾಪಸ್ ಬಂತು."

"ಈಗೆಲ್ಲ ಯಾರು ಪುಸ್ತಕ ಓದ್ತಾರೆ, ಅಕ್ಕ?"

"ಒಬ್ಬಳು ಓದಿದಾಳಲ್ಲ. ನರ್ಸಂತೆ." ಅಕ್ಕ ಕನ್ನಡಕ ಏರಿಸಿ ಫೋನು ನೋಡಿ ಓದಿದಳು. "'ಕೊಂಡ ದಿನವೇ ಒಂದೇ ಉಸಿರಿಗೆ ಓದಿ ಮುಗಿಸಿದೆ. ಪುಟಪುಟದಲ್ಲೂ ಗಂಡನಿಗಾಗಿ ಜೀವ ತೇಯ್ದ ಹೆಣ್ಣಿನ ನಿಷ್ಠೆ ಕಾಣುತ್ತದೆ. ಇಂಥ ಹೆಂಡತಿ ಕೋಟಿಗೊಬ್ಬಳು. ಅಕ್ಷರ ಇನ್ನಷ್ಟು ದೊಡ್ಡದಿದ್ದರೆ ಚೆನ್ನಾಗಿತ್ತು.' ಐದಕ್ಕೆ ನಾಲ್ಕು ನಕ್ಷತ್ರ."

ಪುಸ್ತಕ ಮಾರುವ ಕಂಪನಿಗೆ ದಿನಕ್ಕೆ ಹದಿನೈದು 'ಓದುಗರ ಅಭಿಪ್ರಾಯ' ಬರೆದುಕೊಡುವುದು ಅವನ ಕಸುಬು. ಅದಕ್ಕೆ ಪುಸ್ತಕ ತೆರೆಯಬೇಕಾಗಿಲ್ಲ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು ಎನ್ನುತ್ತಾರೆ. ಇವನು ಮುಚ್ಚಳ ನೋಡಿಯೇ ಹೇಳಿಬಿಡುತ್ತಿದ್ದ. ಬರೀ ಹೊಗಳಿದರೆ ಯಾರೂ ನಂಬುವುದಿಲ್ಲವಾದ್ದರಿಂದ ಕೊನೆಯಲ್ಲೊಂದು ಪುಟ್ಟ ದೂರು ಸೇರಿಸಬೇಕು. ಅಕ್ಷರ ಸಣ್ಣದು, ಹೊದಿಕೆಯ ಬಣ್ಣ ಮಂಕು, ಹೀಗೆ ಏನಾದರೊಂದು. ಕಚೇರಿಯವರು ಅದನ್ನು ದೃಷ್ಟಿಬೊಟ್ಟು ಎನ್ನುತ್ತಿದ್ದರು. ದೃಷ್ಟಿಬೊಟ್ಟು ಇಡುವುದರಲ್ಲಿ ಅವನದು ಎತ್ತಿದ ಕೈ.

ಅಕ್ಕನ ಪುಸ್ತಕಕ್ಕೆ ಬರೆಯಲು ಮಾತ್ರ ಯಾರೂ ಹೇಳಿರಲಿಲ್ಲ, ಪ್ರೀತಿಯಿಂದಲೇ ಬರೆದಿದ್ದ. ಹಾಸಿಗೆ ಹಿಡಿದ ಭಾವನನ್ನು ಅವಳು ಎಂಟು ವರ್ಷ ಒಬ್ಬಳೇ ನೋಡಿಕೊಂಡಿದ್ದಳು. ಅವರು ಹೋದ ಮೇಲೆ ಅದನ್ನೆಲ್ಲ ಬರೆದು ತಾನೇ ಅಚ್ಚು ಹಾಕಿಸಿದಳು. ಎರಡು ಗಂಟೆಗೊಮ್ಮೆ ರೋಗಿಯ ಮಗ್ಗಲು ಬದಲಿಸುವುದು ಹೇಗೆ, ಬೆನ್ನು ಹುಣ್ಣಾಗದಂತೆ ನೋಡಿಕೊಳ್ಳುವುದು ಹೇಗೆ ಎಂಬುದೆಲ್ಲ ಅದರಲ್ಲಿತ್ತು. ಎರಡು ವರ್ಷದ ಹಿಂದೆ ಮೊದಲ ಪ್ರತಿ ಕೊಟ್ಟದ್ದು ತಮ್ಮನಿಗೇ. ವಾರ ಬಿಟ್ಟು ಅವನು ಫೋನು ಮಾಡಿ, "ಓದಿದೆ ಅಕ್ಕ, ಕಣ್ಣಲ್ಲಿ ನೀರು ಬಂತು," ಅಂದಿದ್ದ.

"ಕೊಂಡೆ ಅಂತಾಳೆ, ಪ್ರತಿ ನೋಡಿದ್ರೆ ಹತ್ತೂ ಇಲ್ಲೇ ಇದೆ," ಅಂದಳು ಅಕ್ಕ. "ಈ ನರ್ಸ್ ನೀನೇ ಅಲ್ವಾ?"

"ನಿಂಗೊಂದಿಷ್ಟು ಸಂತೋಷ ಆಗ್ಲಿ ಅಂತ. ಅದರಲ್ಲಿ ಸುಳ್ಳೇನಿದೆ? ನಾನಂತೂ ಓದಿದೀನಲ್ಲ."

ಅಕ್ಕ ಕಪಾಟಿನಿಂದ ಅವನ ಪ್ರತಿಯನ್ನೇ ತೆಗೆದಳು. ಮೂವತ್ಮೂರನೆಯ ಪುಟ ಬಿಡಿಸಿ ಅವನ ಮುಂದಿಟ್ಟು, "ತಿರುಗಿಸು," ಅಂದಳು.

ತಿರುಗಿಸಿದ. ನಲವತ್ತನೆಯ ಪುಟ ಬಂತು. ನಡುವಿನ ಹಾಳೆಗಳು ಅಂಚಿನಲ್ಲಿ ಮಡಿಕೆ ಬಿಚ್ಚದೆ, ಬಾಯಿ ಹೊಲಿದ ಚೀಲದಂತೆ ಹಾಗೇ ಇದ್ದವು.

"ಬೈಂಡ್ ಮಾಡುವಾಗ ಇದೊಂದು ಮಡಿಕೆ ಒಳಗೆ ಸರಿದು ಕತ್ತರಿಗೆ ಸಿಕ್ಕಿಲ್ಲ. ಮುನ್ನೂರು ಪ್ರತೀನೂ ಹೀಗೇ ಇದೆ. ಪ್ರೆಸ್ಸಿನವರು ವಾಪಸ್ ಕೊಡಿ, ಸರಿ ಮಾಡ್ತೀವಿ ಅಂದ್ರು. ನಾನೇ ಬೇಡ ಅಂದೆ. ಅಲ್ಲಿರೋದನ್ನ ಓದ್ಲೇಬೇಕು ಅನ್ನೋರು ಚಾಕು ಹಾಕಿ ಓದ್ಲಿ ಅಂತ ಬಿಟ್ಟೆ. ಭಯಾನೂ ಇತ್ತು. ಆಮೇಲೆ ಕಾಯೋಕೆ ಶುರು ಮಾಡಿದೆ. ಈ ಪುಟ ಯಾಕೆ ಬಿಡಿಸಿಲ್ಲ ಅಂತ ಒಬ್ರಾದ್ರೂ ಕೇಳ್ತಾರೆ ಅಂತ. ಓದಿದ್ವಿ ಅಂದೋರು ನೂರು ಜನ, ಕೇಳಿದೋರು ಒಬ್ರೂ ಇಲ್ಲ. ನೀನು ದೂರಿದ್ಯಲ್ಲ ಅಂತ ನೋಡಿದ್ರೆ, ಅಕ್ಷರ ಸಣ್ಣದಂತೆ."

ಅಕ್ಕ ಅಡುಗೆಮನೆಯಿಂದ ತರಕಾರಿ ಹೆಚ್ಚುವ ಚಾಕು ತಂದು, ಮಡಿಕೆಯೊಳಗೆ ತೂರಿಸಿ, ಮೀನಿನ ಹೊಟ್ಟೆ ಸೀಳುವಷ್ಟು ನಿಧಾನವಾಗಿ ಕೊಯ್ದಳು. ಕಾಗದದ ಎಳೆಗಳು ಮೇಜಿನ ಮೇಲೆ ಉದುರಿದವು.

"ಗಟ್ಟಿಯಾಗಿ ಓದು."

ಅವನು ಓದಿದ. "'ಆ ದಿನ ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗೆ ನಾನು ಅವರ ಮಗ್ಗಲು ಬದಲಿಸಲಿಲ್ಲ. ಮರೆತಿರಲಿಲ್ಲ. ಕುರ್ಚಿ ಎಳೆದುಕೊಂಡು ಅವರ ಎದುರಿಗೇ ಕೂತಿದ್ದೆ. ಮಾತು ನಿಂತುಹೋಗಿತ್ತಲ್ಲ, ಕಣ್ಣಿನಲ್ಲೇ ಕೇಳುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಕೇಳುವುದನ್ನೂ ಬಿಟ್ಟರು. ಹುಣ್ಣು ಆದದ್ದು ಅವತ್ತೇ. ಆ ಹುಣ್ಣೇ ತಿಂಗಳೊಳಗೆ ಅವರನ್ನು ತೆಗೆದುಕೊಂಡು ಹೋಯಿತು. ಇದನ್ನು ಓದಿದವರು ನನಗೆ...'"

ಮುಂದೆ ಓದದೆ ಅವನು ಪುಸ್ತಕ ಕೆಳಗಿಟ್ಟ. ದಿನಕ್ಕೆ ಹದಿನೈದು ಬಾಯಿಂದ ಮಾತಾಡುವವನಿಗೆ ತನ್ನ ಬಾಯಿ ಎಲ್ಲಿದೆ ಎಂದು ಹುಡುಕಬೇಕಾಯಿತು.

"ಅಕ್ಕ, ನೀನು ಸೋತುಹೋಗಿದ್ದೆ," ಅಂದ ಕೊನೆಗೆ. "ನಿನ್ನ ಜಾಗದಲ್ಲಿ ಯಾರೇ ಇದ್ದಿದ್ರೂ ಹಾಗೇ..."

ಅಕ್ಕ ಚಾಕು ಕೆಳಗಿಟ್ಟು, ಕುರ್ಚಿ ಎಳೆದುಕೊಂಡು ಅವನ ಎದುರಿಗೆ ಕೂತಳು.

"ನನ್ನ ತಮ್ಮ ಏನಂತಾನೆ ಅಂತ ನಂಗೆ ಗೊತ್ತಿತ್ತು," ಅಂದಳು. "ಆ ನರ್ಸ್ ಏನಂತಾಳೆ, ಅದನ್ನ ಹೇಳು."