ಅಕ್ಕನ ಎಡಗೈ

"ಹಿಡಿ ಅಂದ್ರೆ ಹಿಡಿ, ಬಿಡು ಅಂದ್ರೆ ಬಿಡು. ಮಿಕ್ಕಿದ್ದು ನಾನು ನೋಡ್ಕೋತೀನಿ," ಎಂದು ತಮ್ಮ ತಿರುಗಿ ನೋಡದೆಯೇ ಹೇಳಿದ. ಬೈಕಿನ ಹಿಂದಿನ ಸೀಟಿನಲ್ಲಿ ಅವನ ಬೆನ್ನಿಗೆ ಕೆನ್ನೆ ಒತ್ತಿ ಕೂತಿದ್ದ ಅಕ್ಕ ತನ್ನ ಎಡಗೈಯನ್ನು ಅವನ ತೋಳಿನ ಕೆಳಗಿಂದ ತೂರಿಸಿ ಕ್ಲಚ್ಚಿನ ಮೇಲಿಟ್ಟಳು. ಪಕ್ಕದಲ್ಲೇ ಹ್ಯಾಂಡಲ್ಲಿನ ಮೇಲೆ ಅವನ ಎಡಗೈ ಇತ್ತು. ಒಂದು ಹೆಬ್ಬೆರಳು, ನುಣ್ಣಗಿನ ಅಂಗೈ, ಅಷ್ಟೆ. ಉಳಿದ ಬೆರಳುಗಳನ್ನು ಪಂಪ್‌ಹೌಸಿನ ಮೋಟಾರಿನ ಬೆಲ್ಟು ಎಳೆದುಕೊಂಡಿತ್ತು.

ಗುಡ್ಡದ ತುದಿಯ ಟ್ಯಾಂಕಿನವರೆಗೆ ಹೋಗುವ ನೀರಿನ ಪೈಪು ಕಾಯುವುದು ಅವನ ಕೆಲಸ. ಪೈಪಿನ ಪಕ್ಕದ ದಾರಿ ಬರೀ ಜಲ್ಲಿ, ಕೊರಕಲು. ಎತ್ತರದ ಈ ಡರ್ಟ್ ಬೈಕ್ ಬಿಟ್ಟರೆ ಬೇರೇನೂ ಅಲ್ಲಿ ಹತ್ತುವುದಿಲ್ಲ. ಇವತ್ತು ಹತ್ತಿ ಇಳಿದು ತೋರಿಸಿದರೆ ಕೆಲಸ ಉಳಿಯುತ್ತದೆ, ಅದರ ಜೊತೆಗೆ ಅಕ್ಕ ತನ್ನ ಹೊಲಿಗೆ ಮಿಷನ್ ಇಟ್ಟುಕೊಂಡಿರುವ ಕ್ವಾರ್ಟರ್ಸೂ ಉಳಿಯುತ್ತದೆ. ಕ್ಲಚ್ಚನ್ನು ಬಲಗಡೆಗೆ ಹಾಕಿಕೊಡು ಎಂದು ಕೇಳಿದಾಗ ಮೆಕ್ಯಾನಿಕ್ಕು, ಬ್ರೇಕೂ ಅದೂ ಒಂದೇ ಕೈಗೆ ಬಂದರೆ ಗುಡ್ಡ ಇಳಿಯುವುದೇ ಬೇಡ, ನೆಟ್ಟಗೆ ಮೇಲಕ್ಕೇ ಹೋಗಬಹುದು ಎಂದಿದ್ದ. ಹಾಗಾಗಿ ಉಳಿದದ್ದು ಅಕ್ಕ. ಪಂಪ್‌ಹೌಸಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಸೂಪರ್‌ವೈಸರು ಈ ಜೋಡಿಯನ್ನು ನೋಡಿ, ಸಂಬಳ ಮಾತ್ರ ಒಬ್ಬರಿಗೇ ಕಣಪ್ಪಾ ಎಂದರು.

ಕ್ವಾರ್ಟರ್ಸಿನ ಹಿಂದಿನ ಬಯಲಿನಲ್ಲಿ ಅವಳು ಕ್ಲಚ್ ಕಲಿತಿದ್ದಳು. ಮೊದಮೊದಲು ಅವಳು ಗಕ್ಕನೆ ಬಿಡುತ್ತಿದ್ದಳು, ಬೈಕು ಎಗರಿ ಬಿದ್ದು ಆಫ್ ಆಗುತ್ತಿತ್ತು. ಮಿಷನ್ನಿನಲ್ಲಿ ಬಟ್ಟೆ ಬಿಡುತ್ತೀಯಲ್ಲ, ಹಾಗೆ ಬಿಡು ಎಂದು ತಮ್ಮ ಹೇಳಿದ ಮೇಲೆ ಅದು ಅವಳ ಕೈಗೆ ಹತ್ತಿತು. ಹೊಲಿಯುವಾಗ ಎಡಗೈ ಬಟ್ಟೆಯನ್ನು ಎಳೆಯುವುದೂ ಇಲ್ಲ, ತಡೆಯುವುದೂ ಇಲ್ಲ. ಅದು ಹೋದಷ್ಟು ಬಿಟ್ಟುಕೊಡುತ್ತದೆ. ಬಯಲಿನಲ್ಲಿ ಒಂದು ಸುತ್ತು ಪೂರ್ತಿ ಬಂದಾಗ ಅವಳು ನಕ್ಕೂ ಇದ್ದಳು.

ಹತ್ತುವಾಗ ಏನೂ ಆಗಲಿಲ್ಲ. ಅವಳಿಗೆ ಕಂಡದ್ದು ಅವನ ಅಂಗಿಯ ಹೊಲಿಗೆ, ಅದರಾಚೆ ಆಕಾಶ. ಟ್ಯಾಂಕಿನ ಹತ್ತಿರ ಬೈಕು ತಿರುಗಿದಾಗಲೇ ಇಳಿಜಾರು ಕಂಡಿದ್ದು. ದಾರಿ ಮುಂದಿನ ಚಕ್ರದ ಕೆಳಗೆ ಎಲ್ಲೋ ಕಾಣೆಯಾಗಿ, ತುಂಬ ಆಳದಲ್ಲಿ ಮತ್ತೆ ಶುರುವಾಗುತ್ತಿತ್ತು. ಪಂಪ್‌ಹೌಸು ಬೆಂಕಿಪೊಟ್ಟಣದಷ್ಟಿತ್ತು. ಇಳಿಯುವಾಗ ಬೈಕನ್ನು ಹಿಡಿದಿಡುವುದು ಇಂಜಿನ್ನೇ ಎಂದು ಅವನು ಮೊದಲೇ ಹೇಳಿದ್ದ. ಬ್ರೇಕನ್ನೇ ನಂಬಿದರೆ ಜಲ್ಲಿಯಲ್ಲಿ ಜಾರುತ್ತದೆ; ಕ್ಲಚ್ ಹಿಡಿದರೆ ಇಂಜಿನ್ನಿನ ಹಿಡಿತ ತಪ್ಪಿ ಬೈಕು ಕಲ್ಲಿನ ಹಾಗೆ ಉರುಳುತ್ತದೆ. ಅವಳು ಆಗ ತಲೆ ಆಡಿಸಿದ್ದಳು.

ಅರ್ಧ ಇಳಿದಾಗ ಗೇರ್ ಬದಲಿಸಲು ಅವನು ಹಿಡಿ ಎಂದ. ಹಿಡಿದಳು. ಅವನ ಕಾಲ ಬಳಿ ಕಟಕ್ ಎಂದಿತು. ಬಿಡು ಎಂದ.

ಇಂಜಿನ್ನಿನ ಗುರುಗುಟ್ಟುವಿಕೆ ತಗ್ಗಿ ಗಾಳಿಯ ಸದ್ದು ಕೇಳತೊಡಗಿತು. ಆಮೇಲೆ ಜಲ್ಲಿಯ ಸದ್ದು.

"ಬಿಡು ಅಕ್ಕ."

"ಬಿಡ್ತಾ ಇದೀನಿ ಕಣೋ," ಎಂದಳು. ಬಿಡುತ್ತಿದ್ದೇನೆ ಎಂದೇ ಅವಳು ನಂಬಿದ್ದಳು. ತನ್ನ ಗೆಣ್ಣುಗಳು ಬೆಳ್ಳಗೆ ಬಿಳುಚಿರುವುದು ಕಾಣಿಸುತ್ತಿತ್ತು, ಆ ಕೈ ಯಾರದೋ ಎನ್ನುವ ಹಾಗೆ. ಹೆದರಿದಷ್ಟೂ ಅದು ಬಿಗಿಯುತ್ತಿತ್ತು, ಬಿಗಿದಷ್ಟೂ ಗುಡ್ಡ ವೇಗವಾಗುತ್ತಿತ್ತು. ಹಿಂದಿನ ಚಕ್ರ ಪೈಪಿನ ಕಡೆಗೆ ಒಮ್ಮೆ ಬಾಲ ಬೀಸಿತು. ಕೆನ್ನೆಯ ಕೆಳಗೆ ಅವನ ಎದೆ ಬೆನ್ನು ಸೀಳಿ ಬರುವಂತೆ ಬಡಿದುಕೊಳ್ಳುತ್ತಿತ್ತು. ಬೆಲ್ಟಿಗೆ ಬೆರಳು ಕೊಟ್ಟ ದಿನವೂ ಹೀಗೆ ಹೆದರದಿದ್ದ ತಮ್ಮ.

ಆಗ ಅವನ ಎಡಗೈ ಹ್ಯಾಂಡಲ್ ಬಿಟ್ಟು ಅವಳ ಕೈಮೇಲೆ ಬಂತು. ನುಣ್ಣಗಿನ ಅಂಗೈ ಅವಳ ಗೆಣ್ಣುಗಳ ಮೇಲೆ ಜಾರಿತು, ಮತ್ತೆ ಬಂತು, ಮತ್ತೆ ಜಾರಿತು. ಏನು ಮಾಡುತ್ತಿದ್ದಾನೆ ಎಂದು ಅವಳಿಗೆ ಒಂದು ಕ್ಷಣ ತಿಳಿಯಲಿಲ್ಲ. ಅವನು ಮರೆತಿದ್ದ. ಇಲ್ಲದ ಬೆರಳುಗಳಿಂದ ಅವಳ ಬೆರಳುಗಳನ್ನು ಬಿಡಿಸಲು ನೋಡುತ್ತಿದ್ದ.

ಅವಳ ಕಿರುಬೆರಳು ಮೊದಲು ಸಡಿಲಾಯಿತು. ಉಳಿದವು ಅದರ ಹಿಂದೆ ಬಂದವು. ಇಂಜಿನ್ನು ಕಿರುಚಿ ಚಕ್ರವನ್ನು ಹಿಡಿದುಕೊಂಡಿತು. ಬೈಕು ಮುಗ್ಗರಿಸಿದಂತಾಗಿ ಇಬ್ಬರನ್ನೂ ಮುಂದಕ್ಕೆ ತಳ್ಳಿತು, ಮತ್ತೆ ತಣ್ಣಗೆ ಗುರುಗುಟ್ಟುತ್ತ ಇಳಿಯಿತು.

ಸೂಪರ್‌ವೈಸರಿಗೆ ಕೆಳಗಿನಿಂದ ಕಂಡದ್ದು ಒಂದಿಷ್ಟು ಧೂಳು ಮಾತ್ರ. ಪರವಾಗಿಲ್ಲ, ಆದರೆ ಇಳಿಯುವಾಗ ಇಷ್ಟೊಂದು ಅವಸರ ಏಕೆ ಎಂದು ಕೇಳಿದರು. ತಮ್ಮ ನೀರು ಕುಡಿಯುತ್ತಿದ್ದ. ಅರ್ಧ ನೀರು ಅಂಗಿಯ ಮೇಲೆ ಚೆಲ್ಲುತ್ತಿತ್ತು.

"ಸರಿ, ನಾಳೆಯಿಂದ ಡ್ಯೂಟಿಗೆ ಬಾ. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ, ಮೊದಲಿನ ಹಾಗೇ," ಎಂದು ಅವರು ಎದ್ದರು. ಅಕ್ಕನ ಕಡೆ ನೋಡಿ, "ಏನಮ್ಮಾ, ಆಗುತ್ತಲ್ಲ?" ಎಂದರು.

ಆಗುತ್ತೆ ಸಾರ್ ಎಂದಳು ಅವಳು.

ಸಂಜೆ ಯಾರದೋ ರವಿಕೆಯ ತೋಳು ಮುಗಿಸಿಕೊಡುವುದಿತ್ತು. ಬಟ್ಟೆಯನ್ನು ಎಡಗೈಯಲ್ಲಿ ಹಿಡಿದು ಮಿಷನ್ ತುಳಿದಳು. ತಮ್ಮ ಹೊಸ್ತಿಲ ಮೇಲೆ ಕೂತು, ನಾಳೆ ಇನ್ನೂ ಸಲೀಸಾಗುತ್ತೆ ಎಂದು ಏನೇನೋ ಹೇಳುತ್ತಿದ್ದವನು ತಿರುಗಿ ಒಳಗೆ ನೋಡಿದ. ಅಕ್ಕ ಒಂದೇ ಸಮನೆ ತುಳಿಯುತ್ತಿದ್ದಳು. ಬಟ್ಟೆ ಮುಂದೆ ಹೋಗುತ್ತಿರಲಿಲ್ಲ. ಸೂಜಿ ಚುಚ್ಚಿದ ಕಡೆಯೇ ಚುಚ್ಚುತ್ತಿತ್ತು.